ಹಿಮ್ಮಡಿಗೆ ಹೊಸ ಚರ್ಮ ಬಂದರೆ ಸ್ಪರ್ಶವೂ ಬರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ ಅರವತ್ತೊಂದು ವರ್ಷ. ಬಹಳ ಹಿಂದೆ ಕುಷ್ಠರೋಗಕ್ಕೆ ಪೂರ್ಣ ಚಿಕಿತ್ಸೆ ಪಡೆದಿದ್ದಾರೆ. ಎರಡೂ ಅಂಗಾಲುಗಳಿಗೆ ಸ್ಪರ್ಶವಿಲ್ಲ. ಬಲ ಹಿಮ್ಮಡಿಯ ಗಾಯ ಎರಡು ವರ್ಷವಾದರೂ ಮಾಗಿಲ್ಲ. ಅಂಗಾಲಿನ ಒಳಭಾಗದ ಚರ್ಮ ತಂದು ಮುಚ್ಚುತ್ತೇವೆ ಎನ್ನುತ್ತಾರೆ ವೈದ್ಯರು. ಸ್ಪರ್ಶ ಮರಳುತ್ತದೆಯೇ? ಮತ್ತೆ ಬರಿಗಾಲಲ್ಲಿ ಜೋಳದ ಹೊಲಕ್ಕೆ ಇಳಿಯಬಹುದೇ?
– ಓದುಗರೊಬ್ಬರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಖಂಡಿತ ಇಲ್ಲ. ಹೊಲಕ್ಕೆ ಹೋಗಲಿ, ಬರಿಗಾಲಲ್ಲಿ ಬೇಡ. ಮಧ್ಯಾಹ್ನದ ದೇವಸ್ಥಾನದ ಕಲ್ಲುಹಾಸೂ ಬೇಡ.

ಅಂಗಾಲಿನ ಕಮಾನಿನ ಚರ್ಮವನ್ನು ಅದರ ರಕ್ತನಾಳ, ನರಗಳ ಸಮೇತ ಹಿಮ್ಮಡಿಗೆ ತಿರುಗಿಸುವ ಈ ಫ್ಲಾಪ್‌ಗೆ ‘ಸ್ಪರ್ಶವಿರುವ ಫ್ಲಾಪ್’ ಎಂಬ ಹೆಸರಿದೆ. ಅಪಘಾತದಲ್ಲಿ ಹಿಮ್ಮಡಿ ಕಳೆದುಕೊಂಡವರಿಗೆ ಆ ಹೆಸರು ಸರಿ. ನಿಮ್ಮ ತಂದೆಯ ಕಮಾನಿಗೇ ಸ್ಪರ್ಶವಿಲ್ಲದಿರುವಾಗ ಅದು ಹಿಮ್ಮಡಿಗೆ ಎಲ್ಲಿಂದ ತಂದುಕೊಡಬೇಕು? ಆದರೂ ನಿಮ್ಮ ವೈದ್ಯರ ಆಯ್ಕೆ ಒಳ್ಳೆಯದೇ. ಅಂಗಾಲಿನ ಚರ್ಮ ದಪ್ಪ, ಒಳಗಿನ ಪದರಕ್ಕೆ ಬಿಗಿಯಾಗಿ ಅಂಟಿರುತ್ತದೆ, ಭಾರ ತಡೆಯುತ್ತದೆ. ಮೀನಖಂಡದಿಂದ ತಂದ ಚರ್ಮ ತೆಳು, ನಡೆಯುವಾಗ ಜಾರಾಡುತ್ತದೆ. ಚರ್ಮ ತೆಗೆದ ಕಮಾನಿಗೆ ತೊಡೆಯ ತೆಳು ಚರ್ಮ ಹಾಕಿದರೂ ನಡೆಯುತ್ತದೆ. ಅಲ್ಲಿ ಭಾರ ಬೀಳುವುದು ಕಡಿಮೆ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ಕೇಳಿ: ಹಿಮ್ಮಡಿಯ ಮೂಳೆಗೆ ಸೋಂಕು ಇಳಿದಿದೆಯೇ? ಪಾದದ ಕೀಲಿನ ಒಳಬದಿಯ ಗಂಟಿನ ಹಿಂದೆ ನಾಡಿ ಸಿಗುತ್ತಿದೆಯೇ? ಗಾಯದ ಅಂಚಿನ ಚೂರನ್ನು ಬಯಾಪ್ಸಿಗೆ ಕಳುಹಿಸಿದ್ದಾರೆಯೇ? ಇಷ್ಟು ಹಳೆಯ ಹುಣ್ಣು ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುವುದುಂಟು. ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿ ಹಿಮ್ಮಡಿಯ ಭಾರ ಇಳಿಸಿ ನೋಡಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಎಷ್ಟೋ ಹುಣ್ಣುಗಳು ಅಷ್ಟಕ್ಕೇ ಮಾಗುತ್ತವೆ, ಕತ್ತಿ ಮುಟ್ಟಬೇಕಾಗಿಯೇ ಇಲ್ಲ.

ಫ್ಲಾಪ್ ಮುಚ್ಚುವುದು ಗಾಯವನ್ನು, ಗಾಯದ ಕಾರಣವನ್ನಲ್ಲ. ವೈದ್ಯರು ಅನುಮತಿಸುವವರೆಗೆ ಆ ಹಿಮ್ಮಡಿ ನೆಲಕ್ಕೆ ತಾಗಕೂಡದು. ಶೌಚಾಲಯಕ್ಕೆ ನಾಲ್ಕು ಹೆಜ್ಜೆಯಾದರೂ ಊರುಗೋಲಿನ ಮೇಲೆಯೇ. ಆಮೇಲೆ ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳಿರುವ ಮೃದು ರಬ್ಬರ್) ಮೆತ್ತೆಯ ಚಪ್ಪಲಿ. ಕುಷ್ಠರೋಗ ಕಾರ್ಯಕ್ರಮದಡಿ ಸರ್ಕಾರ ಉಚಿತವಾಗಿಯೇ ಕೊಡುತ್ತದೆ. ಹಿಂಪಟ್ಟಿ ಇರಲಿ, ಮೊಳೆ ಮಾತ್ರ ಒಂದೂ ಇರಬಾರದು. ಹಾಕಿಕೊಳ್ಳುವ ಮುನ್ನ ಒಳಗೆ ಕೈಯಾಡಿಸಬೇಕು. ತಂದೆಯ ಬೆರಳುಗಳೂ ಜೋಮು ಹಿಡಿದಿದ್ದರೆ ಆ ಕೆಲಸ ನಿಮ್ಮದು. ರಾತ್ರಿ ಪಾದ ನೀರಿನಲ್ಲಿ ನೆನೆಸಿ, ಜಡ್ಡು ಉಜ್ಜಿ, ಎಣ್ಣೆ ಸವರಿ. ಎಲ್ಲಿಯಾದರೂ ಕೆಂಪಾಗಿ ಬಿಸಿಯೆನಿಸಿದರೆ ಮರುದಿನ ಹೊಲ ರಜೆ.

ಪತ್ರದಲ್ಲಿ ಬೀಡಿಯ ಮಾತಿಲ್ಲ. ಸೇದುವವರಾದರೆ ಈಗಲೇ ಬಿಡಿಸಿ. ಹೊಗೆಗೆ ರಕ್ತನಾಳ ಕುಗ್ಗಿದರೆ ಫ್ಲಾಪ್‌ನ ಅಂಚು ಕಪ್ಪಾಗುತ್ತದೆ, ಮತ್ತೆ ತರಲು ಅದೇ ಕಾಲಿನಲ್ಲಿ ಇನ್ನೊಂದು ಕಮಾನಿಲ್ಲ.