ಕಾಲೇಜಿನ ದಿನಗಳಲ್ಲಿ ಮೆಚ್ಚಿದ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಸಿನಿಮಾವನ್ನು ಈಗ ಮಗಳ ಜೊತೆ ಮತ್ತೆ ನೋಡಬಹುದಾ? ಮೊದಲಿನಷ್ಟೇ ನಗು ಬರುತ್ತಾ?

ನಗು ಬರುತ್ತಾ ಅನ್ನುವ ಲೆಕ್ಕಾಚಾರದಲ್ಲೇ ನಾನೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಆ ಲೆಕ್ಕಾಚಾರವೇ ತಪ್ಪು ಅಂತ ಈಗ ಹೇಳುತ್ತೇನೆ.

ನಾನು ಇದನ್ನು ಮೊದಲು ನೋಡಿದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ, ಬಾಡಿಗೆಗೆ ತಂದ ವಿಸಿಆರ್‌ನಲ್ಲಿ. ಹುಷಾರಿಲ್ಲ ಅಂತ ಅಪ್ಪ ಅಮ್ಮನ ಮುಂದೆ ನಾಟಕವಾಡಿ, ಶಾಲೆಗೆ ಚಕ್ಕರ್ ಹೊಡೆದು, ಗೆಳೆಯನ ಅಪ್ಪನ ಕೆಂಪು ಫೆರಾರಿ ಎತ್ತಿಕೊಂಡು ಶಿಕಾಗೋ ಸುತ್ತುವ ಹುಡುಗ ಫೆರಿಸ್. ಅಟೆಂಡೆನ್ಸ್ ಶಾರ್ಟೇಜ್ ಭಯದಲ್ಲಿ ಬದುಕುತ್ತಿದ್ದ ನಮಗೆ ಅವನು ದೇವರಂತೆ ಕಂಡಿದ್ದ. ಅರ್ಧ ಮಾತು ಅರ್ಥವಾಗಿರಲಿಲ್ಲ. ಆದರೆ ಎಕನಾಮಿಕ್ಸ್ ಮೇಷ್ಟ್ರು ಒಂದೇ ದನಿಯಲ್ಲಿ ಅವನ ಹೆಸರನ್ನು ಕೂಗುತ್ತಲೇ ಇರುವ ಹಾಜರಿ ದೃಶ್ಯಕ್ಕೆ ಇಂಗ್ಲಿಷ್ ಯಾಕೆ ಬೇಕು ಹೇಳಿ?

ಆಮೇಲೆ ಕೆಲಸ ನನ್ನನ್ನು ಅದೇ ಶಿಕಾಗೋ ಪಕ್ಕಕ್ಕೆ ತಂದಿತು. ಮಗಳು ಹೈಸ್ಕೂಲಿಗೆ ಬಂದಳು. ಒಂದು ಶನಿವಾರ ಸಿನಿಮಾ ಹಾಕಿದೆ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡುವ ಸಾಧ್ಯತೆ ಜಾಸ್ತಿ. ನಾನು ರಿಮೋಟ್ ಕೈಯಲ್ಲಿ ಹಿಡಿದು ಅಪ್ಪನಾಗಿ ಕೂತೆ. ಫೆರಿಸ್ ಸುಳ್ಳು ಹೇಳಿದಾಗ ನಿಲ್ಲಿಸಿದೆ. ಶಾಲೆಯ ಕಂಪ್ಯೂಟರಿಗೆ ನುಗ್ಗಿ ಒಂಬತ್ತು ಗೈರುಹಾಜರಿಯನ್ನು ಅಳಿಸುತ್ತಾ ಬಂದಾಗ ಮತ್ತೆ ನಿಲ್ಲಿಸಿ, ಇದು ಅಪರಾಧ ಗೊತ್ತಾ ಅಂದೆ. ಗೆಳತಿಯನ್ನು ಕ್ಲಾಸಿನಿಂದ ಬಿಡಿಸಲು ಅವಳ ಅಜ್ಜಿ ಸತ್ತರು ಅಂತ ಫೋನ್ ಮಾಡಿಸಿದಾಗಲೂ ಒಂದು ಭಾಷಣ. ಮೊದಮೊದಲು ನಗುತ್ತಿದ್ದ ಮಗಳು ಸುಮ್ಮನಾದಳು. ಪಾರ್ಕಿಂಗ್ ಹುಡುಗರು ಫೆರಾರಿ ಓಡಿಸಿಕೊಂಡು ಹೋದಾಗ, ‘ಪಾಪ, ಆ ಗೆಳೆಯನ ಗತಿ ಏನು, ಈ ಫೆರಿಸ್‌ಗೆ ಅದರ ಚಿಂತೆ ಇದೆಯಾ? ಸಾಕು’ ಅಂತ ಟಿವಿ ಆಫ್ ಮಾಡಿದೆ.

ಆ ಗೆಳೆಯನ ಗತಿ ಏನಾಗುತ್ತದೆ ಅನ್ನುವುದೇ ಸಿನಿಮಾ! ಅರ್ಧಕ್ಕೆ ನಿಲ್ಲಿಸಿದ ನನಗೆ ಅದು ಕಾಣಲಿಲ್ಲ. ಮಗಳು ಉಳಿದದ್ದನ್ನು ತನ್ನ ಕೋಣೆಯಲ್ಲಿ ಒಬ್ಬಳೇ ನೋಡಿದಳು. ಆಮೇಲೆ ತುಂಬಾ ಕಾಲ ನನ್ನ ಜೊತೆ ಯಾವ ಸಿನಿಮಾಕ್ಕೂ ಕೂರಲಿಲ್ಲ.

ಮುಂದೆ ನಾನೂ ಒಬ್ಬನೇ ಪೂರ್ತಿ ನೋಡಿದೆ. ಗೆಳೆಯನ ಹೆಸರು ಕ್ಯಾಮರನ್. ಆ ಪಾತ್ರ ಮಾಡಿದ ಅಲನ್ ರಕ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ, ಆದರೂ ಅಪ್ಪನಿಗೆ ಹೆದರುವ ಹುಡುಗನಾಗಿ ಅವನನ್ನು ಪೂರ್ತಿ ನಂಬುತ್ತೀರಿ. ಫೆರಿಸ್ ಬಾ ಅಂತ ಪೀಡಿಸಿದಾಗ ಅವನು ಕಾರಿನಲ್ಲಿ ಕೂತು ಹೋಗಲೋ ಬೇಡವೋ ಅಂತ ತನ್ನೊಳಗೇ ಜಗಳವಾಡುತ್ತಾನೆ. ಸೀಟಿಗೆ ಗುದ್ದುತ್ತಾನೆ, ಇಳಿದು ಹೋಗುತ್ತಾನೆ, ಮತ್ತೆ ಬಂದು ಕೂರುತ್ತಾನೆ. ಹಾಸ್ಟೆಲಿನಲ್ಲಿ ಇದಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಈಗ ನನಗೆ ಕಂಡದ್ದು ಪರೀಕ್ಷೆಯ ಹಿಂದಿನ ರಾತ್ರಿಯ ನನ್ನ ಮಗಳು.

ಓಡಿದ ಮೈಲಿಗಳನ್ನು ಮೀಟರಿನಿಂದ ಇಳಿಸಲು ಫೆರಾರಿಯನ್ನು ಜಾಕ್ ಮೇಲೆ ಏರಿಸಿ, ರಿವರ್ಸಿನಲ್ಲಿ ಚಕ್ರ ತಿರುಗಿಸುತ್ತಾರೆ. ಮೀಟರ್ ಇಳಿಯುವುದಿಲ್ಲ. ಕ್ಯಾಮರನ್ ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಆ ಕಾರಿಗೆ ಒದ್ದು ತೀರಿಸುತ್ತಾನೆ. ಕಾರು ಜಾಕಿನಿಂದ ಜಾರಿ, ಗಾಜಿನ ಗೋಡೆ ಒಡೆದುಕೊಂಡು ಹಿಂದಿನ ಕಂದಕಕ್ಕೆ ಬೀಳುತ್ತದೆ. (ಬಿದ್ದದ್ದು ನಕಲಿ ಕಾರು, ಹೊಟ್ಟೆ ಉರಿಸಿಕೊಳ್ಳಬೇಡಿ. ಆ ಗಾಜಿನ ಮನೆ ಮಾತ್ರ ನಿಜವಾದದ್ದು, ಶಿಕಾಗೋದ ಉತ್ತರಕ್ಕೆ ಹೈಲ್ಯಾಂಡ್ ಪಾರ್ಕಿನಲ್ಲಿದೆ.) ತಪ್ಪು ನನ್ನ ತಲೆಗೆ ಹಾಕು ಅಂತ ಫೆರಿಸ್ ಹೇಳುತ್ತಾನೆ. ಕ್ಯಾಮರನ್ ಬೇಡ ಅನ್ನುತ್ತಾನೆ, ಅಪ್ಪನ ಜೊತೆ ನಾನೇ ಮಾತಾಡುತ್ತೇನೆ ಅನ್ನುತ್ತಾನೆ. ಆ ಅಪ್ಪನನ್ನು ನಿರ್ದೇಶಕ ಜಾನ್ ಹ್ಯೂಸ್ ಒಮ್ಮೆಯೂ ತೋರಿಸುವುದಿಲ್ಲ. ಆ ಜಾಗದಲ್ಲಿ ಯಾವ ಅಪ್ಪನಾದರೂ ತನ್ನನ್ನು ಇಟ್ಟು ನೋಡಿಕೊಳ್ಳಬಹುದು. ಈ ದೃಶ್ಯಕ್ಕೆ ನಾನು ಮಗಳ ಪಕ್ಕದಲ್ಲಿ ಇರಬೇಕಿತ್ತು.

ಇನ್ನೊಂದು ದೃಶ್ಯ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನದು. 1893ರಲ್ಲಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಅದೇ ಕಟ್ಟಡದಲ್ಲಿ. ಊರಿನಿಂದ ಯಾರೇ ಬಂದರೂ ನಾವು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಹಾಗೆ ಹೋದಾಗಲೇ, ಸಿನಿಮಾದಲ್ಲಿ ಬರುವ ಫ್ರೆಂಚ್ ಚಿತ್ರಕಾರ ಸೊರಾನ ದೊಡ್ಡ ಚಿತ್ರದ ಮುಂದೆ ನಿಂತೆ. ನದಿ ದಂಡೆ, ಭಾನುವಾರ, ಜನ, ಮಧ್ಯದಲ್ಲಿ ಬಿಳಿ ಫ್ರಾಕಿನ ಪುಟ್ಟ ಹುಡುಗಿ. 1886ರಲ್ಲಿ ಮುಗಿದ ಚಿತ್ರ, ಸಿನಿಮಾ 1986ರದು. ಕ್ಯಾಮರನ್ ಆ ಹುಡುಗಿಯ ಮುಖವನ್ನೇ ದಿಟ್ಟಿಸುತ್ತಾನೆ. ಕ್ಯಾಮೆರಾ ಹತ್ತಿರ ಹೋದಷ್ಟೂ ಮುಖ ಮಾಯವಾಗಿ ಬರೀ ಬಣ್ಣದ ಚುಕ್ಕೆಗಳು ಉಳಿಯುತ್ತವೆ. ಅಲ್ಲಿ ಒಂದು ಮಾತೂ ಇಲ್ಲ, ಬರೀ ವಾದ್ಯ ಸಂಗೀತ. ಕಾಮಿಡಿ ಸಿನಿಮಾದ ನಡುವೆ ಇಂಥದ್ದನ್ನು ಇಡಲು ಧೈರ್ಯ ಬೇಕು.

ಹಾಗಾಗಿ ನನ್ನ ಮಾತು ಕೇಳಿ. ನಿಮ್ಮ ಹಳೇ ನಗುವನ್ನು ಹುಡುಕಿಕೊಂಡು ಕೂರಬೇಡಿ. ಫೆರಿಸ್ ಒಳ್ಳೆಯವನೋ ಕೆಟ್ಟವನೋ ಅಂತ ತೀರ್ಪು ಕೊಡುವುದೂ ಬೇಡ. ಕಣ್ಣು ಕ್ಯಾಮರನ್ ಮೇಲಿರಲಿ. ‘ಈಗ ನೋಡು, ಈಗ ಬರುತ್ತೆ’ ಅನ್ನುವ ಕಾಮೆಂಟರಿ ಬೇಡವೇ ಬೇಡ. ರಿಮೋಟ್ ಮಗಳ ಕೈಯಲ್ಲಿರಲಿ. ಅಲ್ಲಲ್ಲಿ ಬೈಗುಳ ಇದೆ, ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಸರ್ಟಿಫಿಕೇಟು, ಅಂದರೆ ಹದಿಮೂರಕ್ಕಿಂತ ಚಿಕ್ಕ ಮಕ್ಕಳ ಹೆತ್ತವರಿಗೆ ಎಚ್ಚರಿಕೆ. ಮಗಳು ತೀರಾ ಚಿಕ್ಕವಳಾದರೆ ಒಂದೆರಡು ವರ್ಷ ತಡೆಯಿರಿ.

ಫೆರಿಸ್‌ನ ಚಕ್ಕರ್ ಹಿಡಿಯಲು ಹೊರಟ ಶಾಲೆಯ ಡೀನ್ ರೂನಿ ಕಳ್ಳನ ಥರ ಅವನ ಮನೆಯೊಳಗೆ ನುಗ್ಗುವ ಭಾಗ ನನ್ನ ಪ್ರಕಾರ ಎಳೆದದ್ದು. ಟೀ ಬೇಕಾದರೆ ಆಗ ಎದ್ದು ಮಾಡಿಕೊಳ್ಳಿ. ಕೊನೆಯಲ್ಲಿ ಹೆಸರುಗಳು ಓಡುವಾಗ ಮಾತ್ರ ಏಳಬೇಡಿ. ಅದೇ ರೂನಿ ಹರಿದ ಸೂಟಿನಲ್ಲಿ ಸ್ಕೂಲ್ ಬಸ್ ಹತ್ತುತ್ತಾನೆ, ಪಕ್ಕದ ಹುಡುಗಿ ಜೇಬಿನಿಂದ ಬೆಚ್ಚಗಿನ ಗಮ್ಮಿ ಬೇರ್ ಮಿಠಾಯಿ ತೆಗೆದು ಕೊಡುತ್ತಾಳೆ. ಅದನ್ನು ಮಿಸ್ ಮಾಡಿಕೊಳ್ಳಬೇಡಿ.