ಕರೆಂಟಿನ ರೋಟಿ ಮೇಕರ್‌ನಲ್ಲಿ ಜೋಳದ ರೊಟ್ಟಿ ಆಗುತ್ತದೆಯೇ?

ರಾಯಚೂರಿನಲ್ಲಿ ಹೊಸದಾಗಿ ಮನೆ ಮಾಡಿದ್ದೇನೆ, ರೋಟಿ ಮೇಕರ್ ತಂದರೆ ಚಪಾತಿ, ಜೋಳದ ರೊಟ್ಟಿ ಎರಡಕ್ಕೂ ಆದೀತೇ ಎಂದು ಕೇಳಿದ್ದೀರಿ. ಚಪಾತಿಗೆ ಧಾರಾಳವಾಗಿ ತನ್ನಿ. ಜೋಳದ ರೊಟ್ಟಿಯ ಆಸೆಗೆ ಮಾತ್ರ ತರಬೇಡಿ.

ನಾನೂ ಇದೇ ಊರಿನವನು. ಅವ್ವನ ಮಣಿಕಟ್ಟು ನೋಯತೊಡಗಿದಾಗ, ಇನ್ನು ಅವಳು ರೊಟ್ಟಿ ಬಡಿಯುವುದು ಬೇಡವೆಂದು ಒಂದನ್ನು ತಂದೆ. ಮೊದಲ ದಿನವೇ ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ, ಉಂಡೆ ಇಟ್ಟು ಮುಚ್ಚಳ ಒತ್ತಿದೆ. ತೆರೆದರೆ ಅರ್ಧ ಮೇಲಿನ ತಟ್ಟೆಗೆ ಅಂಟಿತ್ತು, ಉಳಿದರ್ಧದ ಅಂಚು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಪ್ರೋಟೀನ್ ಇರುವುದರಿಂದ ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ, ಕುದಿನೀರಿಗೆ ಪಿಷ್ಟ ಬೆಂದು ಬರುವ ಜಿಗಿಯೊಂದೇ ಅದಕ್ಕೆ ಆಧಾರ. ಅದು ಅಂಗೈಯ ಬಡಿತಕ್ಕೆ ಸುತ್ತುತ್ತ ಸುತ್ತುತ್ತ ಅಗಲವಾಗುತ್ತದೆಯೇ ಹೊರತು ಒಂದೇ ಸಲದ ಒತ್ತಡಕ್ಕೆ ಒಗ್ಗುವುದಿಲ್ಲ. ಇನ್ನು, ರೊಟ್ಟಿಯ ಮೇಲೆ ನೀರು ಸವರಿ, ತಿರುವಿ, ಬಟ್ಟೆಯಿಂದ ಒತ್ತಿ ಉಬ್ಬಿಸುವುದು ಹಂಚಿನ ಮೇಲಿನ ಕೆಲಸ. ಕರೆಂಟಿನ ಸಾಧನದ ಮೇಲೆ ನೀರಾಡಿಸಲು ಹೋಗಬೇಡಿ.

ಚಪಾತಿಯಲ್ಲಿಯೂ ಮೊದಲ ವಾರ ನನಗೆ ಹಪ್ಪಳದಂತಹವೇ ಬಂದವು. ತಪ್ಪಿದ್ದದ್ದು ಹಿಟ್ಟಿನಲ್ಲಿ. ಲಟ್ಟಣಿಗೆಗೆ ಕಲಸುವುದಕ್ಕಿಂತ ಇದಕ್ಕೆ ಮೆತ್ತಗೆ ಕಲಸಬೇಕು, ಅರ್ಧ ಗಂಟೆ ಮುಚ್ಚಿಡಬೇಕು. ತಟ್ಟೆ ಪೂರ್ತಿ ಕಾಯಲಿ. ಉಂಡೆಯನ್ನು ನಟ್ಟನಡುವೆ ಇಡದೆ ಹಿಂಬದಿಯ ಕೀಲಿನ ಕಡೆಗೆ ತುಸು ಸರಿಸಿ ಇಡಿ. ಮುಚ್ಚಳ ಕೀಲಿನ ಕಡೆಯಿಂದ ಒತ್ತುತ್ತ ಬರುವುದರಿಂದ ಹಿಟ್ಟು ಮುಂದಕ್ಕೆ ಜಾರುತ್ತದೆ. ಒತ್ತಿ, ಒಂದೆರಡು ಸೆಕೆಂಡಿನಲ್ಲಿ ಎತ್ತಿಬಿಡಿ. ಹಿಡಿದೇ ಇದ್ದರೆ ಒಳಗಿನ ಹಬೆ ‘ಟುಸ್’ ಎಂದು ಚಪಾತಿಯನ್ನು ಹರಿದುಕೊಂಡು ಹೊರಬರುತ್ತದೆ. ಸಣ್ಣ ಗುಳ್ಳೆ ಎದ್ದ ಮೇಲೆ ತಿರುವಿ, ಇನ್ನೊಂದು ಬದಿಯೂ ಬೆಂದಾಗ ಒತ್ತದೆ ಮುಚ್ಚಳವನ್ನು ಹಗುರಾಗಿ ಇಳಿಸಿ. ಅದು ಉಬ್ಬಿ ಮುಚ್ಚಳವನ್ನು ಮೆಲ್ಲಗೆ ಮೇಲಕ್ಕೆತ್ತುವುದು ಕೈಗೇ ತಿಳಿಯುತ್ತದೆ.

ಸಾವಿರ ವ್ಯಾಟ್‌ನದಾದರೆ ಎಡೆಬಿಡದೆ ಒಂದು ಗಂಟೆ ಉರಿದರೂ ಒಂದು ಯೂನಿಟ್. ನಡುನಡುವೆ ತಾನೇ ಆರುವುದರಿಂದ ಅಷ್ಟೂ ಆಗುವುದಿಲ್ಲ. ಮೂರು ಪಿನ್ನಿನ ಗಟ್ಟಿ ಸಾಕೆಟ್ ಇರಲಿ, ಸ್ಟೀಲಿನ ಸೌಟು ತಾಗಿಸಬೇಡಿ, ತಟ್ಟೆ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಇದರ ಬೆಲೆ ನಿಮಗೆ ಗೊತ್ತಾಗುತ್ತದೆ: ಗ್ಯಾಸ್ ಒಲೆಯ ಮುಂದೆ ಫ್ಯಾನ್ ಹಾಕುವಂತಿಲ್ಲ, ಇದನ್ನು ಪಡಸಾಲೆಯಲ್ಲಿ ಫ್ಯಾನಿನ ಕೆಳಗೇ ಇಟ್ಟುಕೊಂಡು ಕೂರಬಹುದು.

ಜೋಳದ ರೊಟ್ಟಿಯನ್ನು ನಾನು ಕೈಯಲ್ಲೇ ಕಲಿತೆ. ಭಾನುವಾರ ನಾನು ಬಡಿಯುತ್ತೇನೆ, ಅವ್ವ ಪಕ್ಕದಲ್ಲಿ ಕೂತು ಸಪ್ಪಳ ಕೇಳಿಯೇ ‘ಹಿಟ್ಟು ಇನ್ನಷ್ಟು ನಾದು’ ಎನ್ನುತ್ತಾಳೆ. ನೀವೂ ಕಲಿಯುವುದಾದರೆ ಹಿಂಗಾರಿನ ಬಿಳಿಜೋಳ ತಂದು, ವಾರಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ಬೀಸಿಸಿ. ಹಿಟ್ಟು ಹಳತಾದಂತೆ ಜಿಗಿ ಹೋಗುತ್ತದೆ, ಆಮೇಲೆ ಎಂಥ ಕೈಗೂ ರೊಟ್ಟಿ ಹರಿಯುತ್ತದೆ.