ಕುಂಡದ ಟೊಮ್ಯಾಟೊ ಕಾಯಿಯ ತಳ ಕಪ್ಪಾಗುತ್ತಿದೆ. ಮೊಟ್ಟೆ ಚಿಪ್ಪು ಹಾಕಲಾ, ಕ್ಯಾಲ್ಸಿಯಂ ಸ್ಪ್ರೇ ಹೊಡೆಯಲಾ?

ಎರಡೂ ಬೇಡ. ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಲ್ಲ, “ನೀರು ವೇಸ್ಟ್ ಆಗದ ಹಾಗೆ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನೇ ಗಿಡಕ್ಕೆ ಹಾಕ್ತೀನಿ” ಅಂತ, ನಿಮಗೆ ಬೇಕಾದ ಉತ್ತರ ಅಲ್ಲೇ ಇದೆ. ಕೊತ್ತಂಬರಿ ಎಲೆಯ ಅಂಚು ಸುಟ್ಟ ಹಾಗಾಗಿದೆ ಅಂತ ಬರೆದಿರುವುದಕ್ಕೂ ಅದೇ ಉತ್ತರ.

ನಾವಿರುವುದು ಬೆಂಗಳೂರಿನ ಕನಕಪುರ ರಸ್ತೆ ಕಡೆ, ಅಪಾರ್ಟ್‌ಮೆಂಟಿನಲ್ಲಿ. ಕಾವೇರಿ ನೀರು ಹೆಸರಿಗೆ ಮಾತ್ರ, ನಡೆಯುವುದೆಲ್ಲ ಬೋರ್‌ವೆಲ್ ಮೇಲೆ. ಬೋರ್ ನೀರು ಗಡಸು ಅಂತ ಬೇಸ್‌ಮೆಂಟಿನಲ್ಲಿ ಸಾಫ್ಟ್‌ನರ್ ಕೂರಿಸಿದ್ದಾರೆ. 2024ರ ಬೇಸಿಗೆ ನಿಮಗೂ ನೆನಪಿರಬಹುದು. ಬೋರ್‌ಗಳು ಬತ್ತಿದವು, ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿದರು, ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಅದರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದಿತು. ಆಗಿನಿಂದ ನಮ್ಮ ಅಡುಗೆಮನೆಯಲ್ಲಿ ಆರ್‌ಒ ಪೈಪಿನ ಕೆಳಗೆ ಒಂದು ಬಕೆಟ್ ಕಾಯಂ ಆಯಿತು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ ಆ ಮಷೀನು. ಅಷ್ಟು ನೀರನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ?

ಟೊಮ್ಯಾಟೊ ಗಿಡಕ್ಕೆ ನಾನು ಯಾವ ಕೊರತೆಯನ್ನೂ ಮಾಡಿರಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ. ಎಲೆ ಮುದುರು ರೋಗವನ್ನು ತಡೆದುಕೊಳ್ಳುವ ತಳಿ ಅದು. ಹದಿನೈದು ಇಂಚಿನ ಗ್ರೋ ಬ್ಯಾಗ್, ಕೆಂಪು ಮಣ್ಣು, ಹಳೇ ಸಗಣಿ ಗೊಬ್ಬರ, ಕೊಕೊಪೀಟ್, ಒಂದು ಹಿಡಿ ಬೇವಿನ ಹಿಂಡಿ. ಗಿಡ ಎದೆಯೆತ್ತರ ಬಂತು, ಹೂವೂ ಬಿಟ್ಟಿತು. ಕಾಯಿ ನಿಂಬೆಹಣ್ಣಿನಷ್ಟಾದಾಗ ಶುರುವಾಯಿತು ನೋಡಿ. ತೊಟ್ಟಿನ ಎದುರು ಭಾಗದಲ್ಲಿ ನೀರು ತುಂಬಿದಂಥ ಒಂದು ಚುಕ್ಕೆ, ಆಮೇಲೆ ಅದು ಕಂದು, ಆಮೇಲೆ ಕಪ್ಪಗೆ ಒಳಕ್ಕೆ ತಗ್ಗಿ, ಒತ್ತಿದರೆ ಚರ್ಮದ ಹಾಗೆ ಗಟ್ಟಿ. ಹುಳ ಇಲ್ಲ, ವಾಸನೆ ಇಲ್ಲ. ಮೊದಲ ಗೊಂಚಲಿನಲ್ಲಿ ಒಂದೂ ಉಳಿಯಲಿಲ್ಲ.

ನಮ್ಮತ್ತೆ ತಿಪಟೂರಿನವರು. “ನಮ್ಮ ಹಿತ್ತಲಲ್ಲಿ ತಾನಾಗೇ ಹುಟ್ಟಿದ ಗಿಡ ಇಷ್ಟು ಕಾಟ ಕೊಟ್ಟಿಲ್ಲ ಕಣೇ” ಅಂದರು. ನನಗೆ ಇನ್ನೂ ಹಟ ಬಂತು. ಎಲ್ಲರೂ ಹೇಳುವ ಹಾಗೆ ಮೊಟ್ಟೆ ಚಿಪ್ಪು ಒಣಗಿಸಿ ಮಿಕ್ಸಿಗೆ ಹಾಕಿ ಪುಡಿ ಮಾಡಿ ಬುಡಕ್ಕೆ ಹಾಕಿದೆ, ಅದು ಸಾಲದು ಅಂತ ಬಾಟಲಿ ಕ್ಯಾಲ್ಸಿಯಂ ತಂದು ಎಲೆಗೆಲ್ಲ ಹೊಡೆದೆ. ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಈಗ ಗೊತ್ತು. ಚಿಪ್ಪಿನಲ್ಲಿರುವುದು ಸುಣ್ಣಕಲ್ಲಿನ ಥರದ್ದೇ ಕ್ಯಾಲ್ಸಿಯಂ ಕಾರ್ಬೊನೇಟ್, ಮಣ್ಣಲ್ಲಿ ಕರಗುವುದು ತೀರಾ ನಿಧಾನ. ಅದು ಕರಗುವ ಹೊತ್ತಿಗೆ ನಿಮ್ಮ ಗಿಡದ ಆಯಸ್ಸೇ ಮುಗಿದಿರುತ್ತದೆ. ಸ್ಪ್ರೇ ವಿಷಯ ಇನ್ನೂ ತಮಾಷೆ. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆ ಮೇಲೆ ಹೋಗುವುದೇ ಹೊರತು, ಎಲೆಗೆ ಹೊಡೆದದ್ದು ಕಾಯಿಗೆ ಇಳಿದು ಬರುವುದಿಲ್ಲ. ಎಲೆಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಅದಕ್ಕೇ ನೀರೆಲ್ಲ ಆ ಕಡೆ ಎಳೆದುಕೊಳ್ಳುತ್ತದೆ. ಕಾಯಿಗೆ ಸಿಗುವುದು ಅಷ್ಟರಲ್ಲೇ. ಬೇರಿಗೆ ನೀರು ಎಳೆಯಲು ಕಷ್ಟವಾದರೆ ಮೊದಲು ಒದ್ದಾಡುವುದು ಕಾಯಿಯ ತುದಿ.

ಸರಿ, ನೀರು ದಿನಾ ಹಾಕುತ್ತಿದ್ದೆನಲ್ಲ, ಬೇರಿಗೆ ಏನು ಕಷ್ಟ? ನನಗೂ ಅದೇ ಹೊಳೆಯಲಿಲ್ಲ. ಹೇಳಿದವರು ನಮ್ಮ ಅಪಾರ್ಟ್‌ಮೆಂಟಿನ ಗಿಡ ನೋಡಿಕೊಳ್ಳುವವರು. ಮನೆಗೆ ಯಾವುದೋ ಕುಂಡ ಎತ್ತಿಡಲು ಬಂದವರು ಗ್ರೋ ಬ್ಯಾಗ್ ಅಂಚಿನ ಬಿಳಿ ಪುಡಿಯನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಹಚ್ಚಿಕೊಂಡರು. “ಮೇಡಂ, ಇದು ಉಪ್ಪು. ಸಾಫ್ಟ್‌ನರ್‌ಗೆ ಮೂಟೆ ಹೊತ್ತು ಸುರಿಯೋದು ನಾನೇ ಅಲ್ವಾ, ಕೆಳಗಿನ ಗಿಡಕ್ಕೆ ಆ ನೀರು ಬಿಡಲ್ಲ ನಾನು, ಬೋರ್ ಲೈನೇ ಬೇರೆ ಇದೆ” ಅಂದರು. ಕೆಳಗೆ ಅವರು ಒಂದು ಮೂಲೆಯಲ್ಲಿ ಹಾಕಿಕೊಂಡಿದ್ದ ಟೊಮ್ಯಾಟೊ ಗೊಂಚಲು ಗೊಂಚಲು ಬಿಟ್ಟಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಗಡಸು ನೀರಲ್ಲಿ ಇರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಸಾಫ್ಟ್‌ನರ್ ಅವೆರಡನ್ನೂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಆ ಸೋಡಿಯಂ ಬರುವುದು ಮೂಟೆಗಟ್ಟಲೆ ಸುರಿಯುವ ಉಪ್ಪಿನಿಂದ. ಅಂದರೆ ನಲ್ಲಿಯ ಮೇಲೆ ಬಿಳಿ ಕಲೆ ಕೂರಬಾರದು ಅಂತ, ಟೊಮ್ಯಾಟೊಗೆ ಬೇಕಾದ್ದನ್ನೇ ತೆಗೆದು ಬೇಡದ್ದನ್ನು ಸೇರಿಸಿ ನಮಗೆ ಕೊಡುತ್ತಾರೆ. ಸ್ನಾನಕ್ಕೆ ಬಹಳ ಚೆಂದ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಈಗ ಆ ನೀರು ಆರ್‌ಒ ಒಳಗೆ ಹೋಗುತ್ತದೆ. ಮೂರು ಲೀಟರ್ ಹೋದರೆ ಒಂದು ಲೀಟರ್ ಚೊಕ್ಕ ನೀರು ಕುಡಿಯಲು ಬರುತ್ತದೆ. ಹೆಚ್ಚುಕಡಿಮೆ ಆ ಮೂರೂ ಲೀಟರಿನ ಉಪ್ಪು ಉಳಿದ ಎರಡು ಲೀಟರಿಗೆ ಸೇರುತ್ತದೆ. ನಾನು ಹಾಕುತ್ತಿದ್ದದ್ದು ಆ ಎರಡು ಲೀಟರ್. ಆ ಉಪ್ಪಿನ ಮಣ್ಣಿನಿಂದ ಬೇರು ನೀರು ಎಳೆಯಬೇಕಾದರೆ ಕಷ್ಟವೇ. ಕೆಂಪು ಮಣ್ಣಿನ ಜೇಡಿಯೂ ಸೋಡಿಯಂ ಜಾಸ್ತಿಯಾದರೆ ಬಿಡಿಬಿಡಿಯಾಗಿ ನಿಲ್ಲುವುದಿಲ್ಲ, ಕಲಸಿ ಮುಚ್ಚಿಕೊಳ್ಳುತ್ತದೆ. ನೀರು ಹಾಕಿದರೆ ಮೇಲೇ ನಿಲ್ಲುತ್ತಿತ್ತು, ಅದನ್ನು ನೋಡಿ ನಾನು ‘ಆಹಾ, ಮಣ್ಣಲ್ಲಿ ತೇವ ಚೆನ್ನಾಗಿದೆ’ ಅಂದುಕೊಳ್ಳುತ್ತಿದ್ದೆ.

ನೆಲದಲ್ಲಾದರೆ ಮಳೆ ಬಂದು ಉಪ್ಪನ್ನು ಕೆಳಕ್ಕೆ ತೊಳೆದುಕೊಂಡು ಹೋಗುತ್ತದೆ. ಬಾಲ್ಕನಿಗೆ ಮಳೆ ಬೀಳುವುದಿಲ್ಲ. ಅದರ ಮೇಲೆ ನೀರು ಸೋರಿದರೆ ಕೆಳಗಿನ ಮನೆಯವರು ಗ್ರೂಪಿನಲ್ಲಿ ಫೋಟೊ ಹಾಕುತ್ತಾರೆ, ಹಾಗಾಗಿ ಒಂದು ಹನಿಯೂ ಬುಡದಿಂದ ಇಳಿಯದ ಹಾಗೆ ಅಳೆದು ಅಳೆದು ಹಾಕುತ್ತಿದ್ದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಎಲ್ಲಿಗೆ ಹೋಗಬೇಕು? ನಾನು ಎಷ್ಟು ಜೋಪಾನವಾಗಿ ಹಾಕಿದೆನೋ ಅಷ್ಟೂ ಬ್ಯಾಗಿನಲ್ಲೇ ಕೂತಿತ್ತು. ತಟ್ಟೆಯಲ್ಲಿ ಇಳಿದದ್ದನ್ನೂ ಮತ್ತೆ ಅದೇ ಗಿಡಕ್ಕೆ ಸುರಿದಿದ್ದೇನೆ, ಉಳಿತಾಯ ಅಂತ.

ನೀರಿನ ಉಪ್ಪಿನಂಶ ಅಳೆಯುವ ಟಿಡಿಎಸ್ ಪೆನ್ ತಂದು ನೋಡುತ್ತೇನೆ ಅನ್ನುತ್ತೀರಿ, ಅದನ್ನೂ ನೋಡಿದ್ದಾಯಿತು. ಕೆಳಗಿನ ಬೋರ್ ಲೈನಿಗೂ ನಮ್ಮ ಬಾತ್‌ರೂಮ್ ನಲ್ಲಿಗೂ ಹತ್ತಿರ ಹತ್ತಿರ ಒಂದೇ ನಂಬರ್ ತೋರಿಸಿತು! ಪೆನ್ನಿಗೆ ಎಷ್ಟು ಉಪ್ಪಿನಂಶ ಅಂತ ಗೊತ್ತಾಗುತ್ತದೆ, ಯಾವುದು ಅಂತ ಗೊತ್ತಾಗುವುದಿಲ್ಲ. ಅದನ್ನು ನಂಬಿ ಕೂರಬೇಡಿ. ನಿಮ್ಮ ಪ್ಲಂಬರನ್ನೋ ಅಸೋಸಿಯೇಷನ್‌ನವರನ್ನೋ ಕೇಳಿ, ಸಾಫ್ಟ್‌ನರ್ ಇದೆಯಾ, ಅದಕ್ಕಿಂತ ಮೊದಲೇ ಒಂದು ನಲ್ಲಿ ಇದೆಯಾ ಅಂತ. ಎಷ್ಟೋ ಕಡೆ ಗಾರ್ಡನ್ ಲೈನ್ ಅಂತ ಇರುತ್ತದೆ. ಅಲ್ಲಿಂದ ದಿನಕ್ಕೆ ಒಂದು ಕ್ಯಾನ್ ಹೊತ್ತು ತನ್ನಿ, ಲಿಫ್ಟ್ ಇದೆಯಲ್ಲ. ಅಕ್ಕಿ ತೊಳೆದ ನೀರು ಹಾಕಬಹುದಾ ಅಂತ ಕೇಳಬೇಡಿ, ಅದೂ ನಲ್ಲಿ ನೀರೇ ಅಲ್ವಾ. ಎಸಿಯಿಂದ ತೊಟ್ಟಿಕ್ಕುವ ನೀರು ಪರವಾಗಿಲ್ಲ, ಅದರಲ್ಲಿ ಉಪ್ಪಿಲ್ಲ. ಮಳೆ ನೀರಂತೂ ಬಂಗಾರ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ತಾರಸಿಯಲ್ಲಿ ಹತ್ತು ಚದರ ಮೀಟರ್ ಜಾಗದ ನೀರನ್ನು ಒಂದು ಡ್ರಮ್ಮಿಗೆ ತಿರುಗಿಸಿದರೆ, 10 ಮಿಲಿಮೀಟರ್ ಮಳೆಗೆ 100 ಲೀಟರ್‌ವರೆಗೆ ಸಿಗುತ್ತದೆ. ಬೆಂಗಳೂರಿನ ಸೆಪ್ಟೆಂಬರ್‌ನಲ್ಲಿ ಒಂದೇ ಸಂಜೆ ಅಷ್ಟು ಸುರಿಯುತ್ತದೆ.

ಈಗಿರುವ ಗಿಡಕ್ಕೆ ಏನು ಮಾಡುವುದು ಅಂದರೆ, ಕಪ್ಪಾದ ಕಾಯಿ ಕಿತ್ತುಬಿಡಿ, ಅದು ವಾಸಿಯಾಗುವುದಿಲ್ಲ. ಕಪ್ಪು ಭಾಗ ಕತ್ತರಿಸಿ ಉಳಿದದ್ದನ್ನು ಸಾರಿಗೆ ಹಾಕಬಹುದು. ಬ್ಯಾಗನ್ನು ಬಾತ್‌ರೂಮಿಗೋ ತಾರಸಿಗೋ ಒಯ್ದು, ಮಣ್ಣಿಗೆ ಒಂದು ಹಿಡಿ ಜಿಪ್ಸಂ ಬೆರೆಸಿ, ಒಳ್ಳೆಯ ನೀರನ್ನು ಬ್ಯಾಗಿನ ಅಳತೆಯ ಎರಡರಷ್ಟು ನಿಧಾನವಾಗಿ ಸುರಿದು ಪೂರ್ತಿ ಇಳಿಯಲು ಬಿಡಿ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಜಾಗದಿಂದ ಎಬ್ಬಿಸುತ್ತದೆ, ನೀರು ಅದನ್ನು ಹೊರಕ್ಕೆ ತಳ್ಳುತ್ತದೆ. ನನ್ನನ್ನು ಕೇಳಿದರೆ, ಗಿಡ ಸೋತಿದ್ದರೆ ಆ ಕಷ್ಟವೂ ಬೇಡ, ಮಣ್ಣು ಬದಲಿಸಿ ಹೊಸ ಸಸಿ ಇಡಿ. ಹೊಸ ಕೊಕೊಪೀಟ್ ಇಟ್ಟಿಗೆ ತಂದರೆ ನೀರಲ್ಲಿ ನೆನೆಸಿ ಹಿಂಡಿ, ಮತ್ತೆ ನೆನೆಸಿ ಹಿಂಡಿ ಬಳಸಿ. ಅಗ್ಗದ್ದರಲ್ಲಿ ಉಪ್ಪು ಇರುತ್ತದೆ, ತೆಂಗಿನ ಸಿಪ್ಪೆಯನ್ನು ಎಷ್ಟೋ ಕಡೆ ಉಪ್ಪು ಹಿನ್ನೀರಿನಲ್ಲೇ ನೆನೆಹಾಕುತ್ತಾರೆ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಒಂದು ದಿನ ಪೂರ್ತಿ ಒಣಗಿಸಿ ಮರುದಿನ ಕೆರೆ ಮಾಡಿದರೂ ಇದೇ ಕಪ್ಪು ಬರುತ್ತದೆ, ನೀರು ಎಷ್ಟೇ ಒಳ್ಳೆಯದಿರಲಿ.

ಆರ್‌ಒ ಬಕೆಟ್ ಎತ್ತಿಡಬೇಡಿ, ನೆಲ ಒರೆಸಲು, ಟಾಯ್ಲೆಟ್ಟಿಗೆ ಹಾಕಿ. ಗಿಡಕ್ಕೇ ಹಾಕಬೇಕು ಅಂತ ಮನಸ್ಸು ಕೇಳದಿದ್ದರೆ ಪಾಲಕ್, ಬೀಟ್‌ರೂಟ್ ಹಾಕಿ ನೋಡಿ, ಉಪ್ಪನ್ನು ಬೇರೆಯವಕ್ಕಿಂತ ತಡೆಯುತ್ತವೆ, ಆದರೂ ಅರ್ಧಕ್ಕರ್ಧ ಒಳ್ಳೆಯ ನೀರು ಬೆರೆಸಿ. ಹುರುಳಿಕಾಯಿಗೆ ಮಾತ್ರ ಹಾಕಲೇಬೇಡಿ, ಟೊಮ್ಯಾಟೊಗಿಂತ ಮೊದಲು ಅದು ಸಾಯುತ್ತದೆ.